ರೊಟ್ಟಿ ಬಡಿಯುವ ಸದ್ದು

ನಮ್ಮ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅಕ್ಕೋರು ಯಾದಗಿರಿಯ ಬಾಡಿಗೆ ಮನೆಯಲ್ಲಿ ರೊಟ್ಟಿಯನ್ನು ಮೆಲ್ಲಗೆ ತಟ್ಟುತ್ತಿದ್ದರು. ನಸುಕಿನಲ್ಲಿ ಸದ್ದಾದರೆ ಮಾಲೀಕರು ಗದರುತ್ತಿದ್ದರು. ಮೆಲ್ಲಗೆ ತಟ್ಟಿದ ರೊಟ್ಟಿ ದಪ್ಪವೇ ಆಗುತ್ತದೆ. ಅವರ ಡಬ್ಬಿ ನೋಡಿ ನಾವು ಸಹಶಿಕ್ಷಕರು ನಕ್ಕರೆ, "ಇರ್ಲಿ ಬಿಡ್ರಿ, ಹೊಟ್ಟಿ ತುಂಬತದ," ಎನ್ನುತ್ತಿದ್ದರು.

ಯಾದಗಿರಿಯಲ್ಲಿ ಜಾಗದ ದರ ಕೈಗೆಟುಕಲಿಲ್ಲ. ದೂರದ ಬೋನಾಳದಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದರು.

"ದಿನಾ ಅಷ್ಟು ದೂರ ಬಸ್ಸಿನ್ಯಾಗ ಓಡಾಡಿ ಸಾಯ್ತೀರೇನ್ರಿ?" ಎಂದು ಬೈದೆ.

"ಇರ್ಲಿ ಬಿಡ್ರಿ, ಬಸ್ಸಿನ್ಯಾಗ ನಿದ್ದಿ ಮಾಡ್ತೀನಿ."

ಹೊಸ ಮನೆಯಿಂದ ಶಾಲೆಗೆ ಬಂದ ಮೊದಲ ದಿನ ಅವರ ಕಣ್ಣು ಕೆಂಪಾಗಿದ್ದವು, ಸೀರೆ ಮುದುಡಿತ್ತು. ಮಧ್ಯಾಹ್ನ ಡಬ್ಬಿ ತೆರೆದು ನನ್ನ ಕೈಗೊಂದು ರೊಟ್ಟಿ ಇಟ್ಟರು. ಹಪ್ಪಳದಷ್ಟು ತೆಳ್ಳಗಿತ್ತು.

"ಓಣಿಗೆಲ್ಲ ಕೇಳೋಹಂಗ ಬಡದೀನ್ರಿ," ಎಂದರು.