ತಂತಿಯಪ್ಪನ ಸ್ಕ್ಯಾನರುಗಳು

ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಇದ್ದಿರಬೇಕು. ಆ ಹೆಸರು ಹಿಡಿದು ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಹೆಗಲ ಮೇಲೆ ಸದಾ ಒಂದು ಸುರುಳಿ ಕೇಬಲ್ ಹಾಕಿಕೊಂಡು ಓಡಾಡುತ್ತಿದ್ದುದರಿಂದ ನಮ್ಮ ಪಿಂಚಣಿ ಕಚೇರಿಗೆಲ್ಲ ಅವನು ತಂತಿಯಪ್ಪ. ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಆ ಹೆಸರಿಟ್ಟವಳು ನಾನೇ. ಕಚೇರಿಯಲ್ಲಿ ನನ್ನಷ್ಟು ಬಾಯಿಬಡುಕಿ ಇನ್ನೊಬ್ಬಳಿಲ್ಲ. ಅವನು ನಕ್ಕು, "ಇರ್ಲಿ ಬಿಡಿ ಅಕ್ಕಾ, ಕರೆಯೋಕೆ ಸುಲಭ" ಅಂದಿದ್ದ.

ಗುಬ್ಬಿ ಎಂದು ಕರೆಯುತ್ತಿದ್ದ ಅವನ ಮಗಳು ಜ್ವರ ಬಂದು ಆಸ್ಪತ್ರೆ ಸೇರಿದ್ದು, ಮತ್ತೆ ಮನೆಗೆ ಬಾರದೆ ಹೋದದ್ದು, ನಮ್ಮ ಕಚೇರಿಗೆ ಹೊಸ ಪೆಟ್ಟಿಗೆಗಳು ಬಂದ ವರ್ಷವೇ. ಒಂದನೇ ತರಗತಿಗೂ ಸರಿಯಾಗಿ ಹೋಗಿರದ ಮಗು. ಅವನು ರಜೆ ಮುಗಿಸಿ ಬಂದಾಗ ಅಂಗಿ ಯಾರದೋ ಎರವಲು ತಂದ ಹಾಗೆ ಮೈಮೇಲೆ ಜೋತಾಡುತ್ತಿತ್ತು. ಯಾರಿಗೂ ಮಾತಾಡಿಸುವ ಧೈರ್ಯವಿರಲಿಲ್ಲ. ಬಾಯಿಬಡುಕಿಯಾದ ನನಗೂ ಇರಲಿಲ್ಲ. ಪುಣ್ಯಕ್ಕೆ ಅವನಿಗೆ ತಲೆ ಎತ್ತಲು ಬಿಡುವಿಲ್ಲದಷ್ಟು ಕೆಲಸ ಕಾದಿತ್ತು.

ಆ ಪೆಟ್ಟಿಗೆಗಳ ಕಥೆ ಹೀಗೆ. ಮೇಜಿನ ಮೇಲಿದ್ದ ಹಳೆಯ ಕಂಪ್ಯೂಟರುಗಳನ್ನು ಎತ್ತಿಕೊಂಡು ಹೋಗಿ, ಊಟದ ಡಬ್ಬಿಯಷ್ಟು ದೊಡ್ಡ ಕರಿ ಪೆಟ್ಟಿಗೆಗಳನ್ನು ಇಟ್ಟರು. ಥಿನ್ ಕ್ಲೈಂಟ್ ಅಂತೆ. ಅದಕ್ಕೆ ಸ್ವಂತ ಬುದ್ಧಿಯಿಲ್ಲ. ನಾವು ಪರದೆಯ ಮೇಲೆ ಕಾಣುವುದೆಲ್ಲ ಕೆಳಮಹಡಿಯ ಸರ್ವರಿನಲ್ಲಿ ನಡೆಯುವ ವ್ಯವಹಾರ. ಸ್ಕ್ಯಾನರಿನ ವೈರು ಮಾತ್ರ ಮೇಜಿನ ಮೇಲಿನ ಪೆಟ್ಟಿಗೆಗೆ. ಸರ್ವರನ್ನು ಕೇಳಿದರೆ 'ಸ್ಕ್ಯಾನರೇ? ಎಲ್ಲಿದೆ?' ಎನ್ನುತ್ತಿತ್ತು. ಮಾರಿದ ಕಂಪನಿಯವರು ಉಂಡೂ ಹೋದರು, ಕೊಂಡೂ ಹೋದರು. ಪಿಂಚಣಿಗೆ ಬಂದ ಮುದುಕರು ಕಾಗದ ಹಿಡಿದು ಬೆಂಚಿನ ಮೇಲೆ ತೂಕಡಿಸತೊಡಗಿದರು.

ತಂತಿಯಪ್ಪ ಉಡದ ಪಟ್ಟು ಹಿಡಿದ. ಹೇಗೋ ಮಾಡಿ ಸರ್ವರಿಗೆ ಸ್ಕ್ಯಾನರು ಕಾಣುವಂತೆ ಮಾಡಿದರೆ, ಒಂದನೇ ಕೌಂಟರಿನಲ್ಲಿ ಹಾಕಿದ ಕಾಗದ ನಾಲ್ಕನೆಯದರ ಪರದೆಯಲ್ಲಿ ಪ್ರತ್ಯಕ್ಷವಾಯಿತು. ಒಬ್ಬ ನಿವೃತ್ತ ಮೇಷ್ಟರ ಕಡತದಲ್ಲಿ ಯಾರದೋ ಅಜ್ಜಿಯ ಫೋಟೋ ಬಂದು, "ಈ ವಯಸ್ಸಲ್ಲಿ ನನಗೆ ಎರಡನೇ ಸಂಬಂಧ ಕಟ್ತೀರೇನ್ರಪ್ಪಾ?" ಎಂದು ಅವರು ಕೇಳಿದಾಗ ತಂತಿಯಪ್ಪ ನಕ್ಕುಬಿಟ್ಟ. ಮಗಳು ಹೋದಮೇಲೆ ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ಗೊಂದಲ ಸರಿಹೋದ ಮೇಲೆ ಇನ್ನೊಂದು ತಕರಾರು: ಎಲ್ಲರೂ ಒಟ್ಟಿಗೆ ಸ್ಕ್ಯಾನ್ ಮಾಡಿದರೆ ನೆಟ್‌ವರ್ಕ್ ಉಸಿರುಗಟ್ಟಿ ನಿಲ್ಲುತ್ತಿತ್ತು. ಅದಕ್ಕೂ ದಾರಿ ಕಂಡುಕೊಂಡ. ಬಣ್ಣ ಬೇಡ, ಕಪ್ಪು ಬಿಳುಪು ಸಾಕು. ಹಾಳೆಯ ಎರಡೂ ಬದಿ ಸ್ಕ್ಯಾನ್ ಆಗುವುದರಿಂದ ಹಿಂಬದಿ ಖಾಲಿಯಿದ್ದರೆ ಅದನ್ನು ಸರ್ವರೇ ಬಿಟ್ಟುಬಿಡಬೇಕು. ಅಲ್ಲಿಗೆ ಎಲ್ಲವೂ ನೀರು ಹರಿದಂತೆ ಓಡಿತು. ಸಾಹೇಬರು ಎಲ್ಲರೆದುರು ಅವನ ಬೆನ್ನು ತಟ್ಟಿದರು. ಆ ಕೆಲಸವೊಂದು ಇಲ್ಲದಿದ್ದರೆ ಅವನು ಏನಾಗಿಹೋಗುತ್ತಿದ್ದನೋ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆಮೇಲೆ ಒಂದು ದಿನ ಅವನು ಚೀಲದಿಂದ ರಟ್ಟಿನ ಕಡತವೊಂದನ್ನು ಹೊರತೆಗೆದ. ಗುಬ್ಬಿ ಬರೆದ ಚಿತ್ರಗಳು.

"ಇವಳು ಕೊಡೋಕೇ ಒಪ್ತಿರ್ಲಿಲ್ಲ ಅಕ್ಕಾ" ಎಂದ. ಇವಳು ಎಂದರೆ ಹೆಂಡತಿ. ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. "ಕೊನೇದು ಆಸ್ಪತ್ರೇಲಿ ಬರೆದಿದ್ದು. ಪೆನ್ಸಿಲ್ಲು, ದಿನದಿಂದ ದಿನಕ್ಕೆ ಅಳಿಸಿ ಹೋಗ್ತಿದೆ. ಇವಳು ದಿನಾ ಅದನ್ನ ಮುಟ್ಟಿ ಮುಟ್ಟಿ ನೋಡ್ತಾಳೆ, ಬೇಡ ಅಂತ ಹೇಗೆ ಹೇಳ್ಲಿ? ಸ್ಕ್ಯಾನ್ ಮಾಡಿ ಸಂಜೆ ವಾಪಸ್ ತರ್ತೀನಿ ಅಂತ ಮಾತು ಕೊಟ್ಟು ತಂದಿದೀನಿ."

ಊಟದ ಹೊತ್ತು. ನನ್ನ ಪಕ್ಕದ ಮೇಜಿನ ಸ್ಕ್ಯಾನರಿಗೆ ಹಾಳೆಗಳನ್ನು ಹಾಕಿದ. ಅಂದಿನ ಮಟ್ಟಿಗೆ ಬಣ್ಣವನ್ನು ಮರಳಿ ಹಾಕಿಕೊಳ್ಳುವುದನ್ನು ಮರೆಯಲಿಲ್ಲ. ಯಂತ್ರ ಸರಸರ ಎಳೆದುಕೊಂಡಿತು. ನಾನು ಡಬ್ಬಿ ಬಿಚ್ಚಿ ಎರಡು ತುತ್ತು ತಿಂದಿರಬೇಕು; ಅಷ್ಟರಲ್ಲಿ ಪರದೆಯ ಮೇಲೆ 'ಮುಗಿಯಿತು' ಎಂದು ಬಂತು. ಅದೇ ಹೊತ್ತಿಗೆ ನಾಲ್ಕನೇ ಕೌಂಟರಿನವಳು, "ತಂತಿಯಪ್ಪಾ, ನನ್ನ ಸ್ಕ್ಯಾನರ್ ಮತ್ತೆ ಮಾಯ!" ಎಂದು ಕೂಗಿದಳು.

"ವೈರ್ ಕಿತ್ತು ಮತ್ತೆ ಹಾಕಿ, ಬಂದೆ" ಎನ್ನುತ್ತ ಅವನು ಟ್ರೇಯಲ್ಲಿದ್ದ ಹಾಳೆಗಳನ್ನು ಎತ್ತಿ, ಮೇಜಿಗೆ ಕುಟ್ಟಿ ಅಂಚು ಸರಿಮಾಡಿ, ಶ್ರೆಡ್ಡರಿಗೆ ಹಾಕಿದ.

ತಿಂಗಳುಗಟ್ಟಲೆ ಅವನು ಮಾಡಿಕೊಂಡು ಬಂದದ್ದು ಅದನ್ನೇ. ಪರೀಕ್ಷೆಗೆಂದು ಜನರ ಕಾಗದಗಳ ನಕಲು ಹಾಕುವುದು, 'ಮುಗಿಯಿತು' ಎಂದು ಬಂದೊಡನೆ ಅವನ್ನು ಚೂರು ಮಾಡುವುದು. ಯಾರ ಕಾಗದವೂ ಬಿದ್ದಿರಕೂಡದು ಎಂದು ಸಾಹೇಬರ ಕಟ್ಟಪ್ಪಣೆ. ಕೈ ಅದನ್ನೇ ಮಾಡಿತು. ನನ್ನ ಕಣ್ಣೆದುರಿಗೇ ನಡೆಯಿತು, ನನಗೂ ಏನೂ ಅನ್ನಿಸಲಿಲ್ಲ. ಯಂತ್ರದ ಸದ್ದು ನಿಂತ ಮೇಲೆ ಅವನು ತನ್ನ ಕೈಗಳನ್ನು ನೋಡಿಕೊಂಡ.

"ಪರವಾಗಿಲ್ಲ ಅಕ್ಕಾ" ಎಂದ. ನಾನು ಏನೂ ಕೇಳಿರಲಿಲ್ಲ. "ಕಂಪ್ಯೂಟರಲ್ಲಿ ಫೈಲ್ ಇದೆಯಲ್ಲ. ಪರವಾಗಿಲ್ಲ."

ಕುಳಿತು ತೆರೆದ. ಬಣ್ಣದ ಕಡ್ಡಿಯಲ್ಲಿ ಬರೆದ ಸೂರ್ಯ ಬಂದಿದ್ದ. ಕೆಂಪು ಬಸ್ಸು ಬಂದಿತ್ತು. ಮನುಷ್ಯನಷ್ಟು ಎತ್ತರದ ಕೋಳಿ ಬಂದಿತ್ತು. ಆಸ್ಪತ್ರೆಯ ಚಿತ್ರ ಇರಲಿಲ್ಲ. ಮೊದಲಿನಿಂದ ಮತ್ತೆ ನೋಡಿದ. ಮತ್ತೂ ನೋಡಿದ. ಆಮೇಲೆ ಬಹಳ ಮೆಲ್ಲಗೆ, "ಖಾಲಿ ಹಾಳೆ ಅಂತ ಬಿಟ್ಟಿದೆ" ಎಂದ. ಬಣ್ಣವನ್ನು ಬದಲಿಸಿದ್ದ, ಖಾಲಿ ಹಾಳೆ ಬಿಡುವ ಅಪ್ಪಣೆ ಸರ್ವರಿನಲ್ಲಿ ಹಾಗೆಯೇ ಉಳಿದಿತ್ತು. ಅಷ್ಟು ತೆಳುವಾದ ಗೆರೆ ಅದರ ಲೆಕ್ಕಕ್ಕೇ ಬರಲಿಲ್ಲ. ಬಿಟ್ಟ ಹಾಳೆಯನ್ನು ಅದು ಎಲ್ಲಿಯೂ ಇಟ್ಟುಕೊಳ್ಳುವುದಿಲ್ಲ.

ಕೌಂಟರು ಮುಚ್ಚಿ, ಶ್ರೆಡ್ಡರಿನ ಚೀಲವನ್ನು ನೆಲಕ್ಕೆ ಸುರಿದು ನಾವೆಲ್ಲ ಸುತ್ತ ಕುಳಿತೆವು. ಸಾಹೇಬರೂ ಪ್ಯಾಂಟಿನ ಮಂಡಿ ಎತ್ತಿಕೊಂಡು ಕೂತರು. ಸೂರ್ಯನ ಚೂರು ಸಿಕ್ಕಿತು, ಬಸ್ಸಿನ ಚೂರು ಸಿಕ್ಕಿತು, ಬಣ್ಣವಿತ್ತಲ್ಲ. ಉಳಿದದ್ದೆಲ್ಲ ಬಿಳಿ. ಒಂದೊಂದೇ ಎಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಇದರಲ್ಲಿ ಗೆರೆಯಿದೆ ಎಂದು ಒಬ್ಬರು, ಅದು ಕಾಗದದ ಸುಕ್ಕು ಎಂದು ಇನ್ನೊಬ್ಬರು. ನಾಲ್ಕನೇ ಕೌಂಟರಿನವಳು ಬಿಕ್ಕಳಿಸಿ ಅಳುತ್ತಲೇ ಹುಡುಕಿದಳು. ಕಡೆಗೆ ತಂತಿಯಪ್ಪನೇ, "ಸಾಕು ಬಿಡಿ, ಎಲ್ಲರೂ ಮನೆಗೆ ಹೋಗ್ಬೇಕು" ಎಂದ.

ಅವನನ್ನು ಒಬ್ಬನೇ ಕಳಿಸಲು ನನಗೆ ಕರುಳು ಒಪ್ಪಲಿಲ್ಲ. ಜೊತೆಗೆ ಹೋದೆ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದವಳು, ನನ್ನನ್ನು ಕಂಡು ಎದ್ದು, "ಬನ್ನಿ ಅಕ್ಕಾ" ಎಂದು ಕುರ್ಚಿಯ ಮೇಲಿನ ಬಟ್ಟೆ ತೆಗೆದಳು. ಆಮೇಲೆ ಗಂಡನ ಕೈ ನೋಡಿದಳು.

"ಎಲ್ರೀ ಚಿತ್ರಗಳು?"

ಅವನು ಎಲ್ಲವನ್ನೂ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ, ಯಂತ್ರದ ಮೇಲೆ ತಪ್ಪು ಹಾಕಲಿಲ್ಲ. ಅವಳು ಬೈಯುತ್ತಾಳೆ, ಬೈದರೆ ಸಾಕಪ್ಪ ಎಂದುಕೊಂಡು ನಾನು ಕಾದೆ. ಅವಳು ಬೈಯಲಿಲ್ಲ.

"ಒತ್ತಿ ಬರೀಬೇಡ, ಮೊನೆ ಮುರಿಯುತ್ತೆ ಅಂತ ನಾನೇ ಹೇಳಿದ್ದೆ ಅವಳಿಗೆ" ಎಂದಳು.

ಬಟ್ಟೆ ಅಳತೆಗೆ ಇಟ್ಟುಕೊಂಡಿದ್ದ ಕಾಗದವನ್ನು ಎಳೆದುಕೊಂಡು ಪೆನ್ಸಿಲ್ ಹಿಡಿದಳು. "ನಂಗೆ ನೆನಪಿದೆ. ದಿನಾ ನೋಡಿದೀನಿ." ಒಂದು ಮನೆ ಬರೆದಳು, ಬಾಗಿಲು ಬರೆದಳು. ಬಾಗಿಲ ಮುಂದೆ ಮೂವರು. ನಡುವೆ ಚಿಕ್ಕದಾಗಿ ಗುಬ್ಬಿ.

"ಗುಬ್ಬಿ ನಡುವೆ ಇರ್ಲಿಲ್ಲ ಕಣೇ" ಎಂದ ಅವನು. "ನಡುವೆ ನೀನಿದ್ದೆ. ಅವಳು ನಿನ್ನ ಈ ಕಡೆ."

"ಇಲ್ಲ, ನಮ್ಮಿಬ್ಬರ ಕೈನೂ ಹಿಡ್ಕೊಂಡಿದ್ಲು."

"ಒಂದೇ ಕೈ. ಇನ್ನೊಂದು ಕೈ ಬರೆದೇ ಇರ್ಲಿಲ್ಲ, ಸೂಜಿ ಹಾಕಿದಾರೆ ನೋಯುತ್ತೆ ಅಂತ ಅಂದಿದ್ಲು."

"ಸುಳ್ಳು ಹೇಳ್ಬೇಡಿ!"

ಇಬ್ಬರ ದನಿಯೂ ಏರಿತು. ತಟ್ಟನೆ ಅವಳು ಕಾಗದವನ್ನು ನನ್ನ ಕಡೆಗೆ ತಿರುಗಿಸಿದಳು.

"ನೀವು ಹೇಳಿ ಅಕ್ಕಾ. ನಿಮ್ಮ ಪಕ್ಕದಲ್ಲೇ ಹಾಕಿದ್ದಲ್ವಾ? ನೀವು ನೋಡಿದ್ರಲ್ಲ?"

ಆ ಸ್ಕ್ಯಾನರಿಗೆ ಹಾಳೆಗಳನ್ನು ಮುಖ ಕೆಳಗೆ ಮಾಡಿ ಹಾಕಬೇಕು. ನನಗೆ ಕಂಡದ್ದು ಬರೀ ಹಿಂಬದಿ. ನೋಡಿಲ್ಲಮ್ಮ ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. "ಒಂದ್ ಸಲಾನೂ ನೋಡ್ಲಿಲ್ವಾ ಅಕ್ಕಾ?"