ಚಕ್ರಬಡ್ಡಿ ಮುಗಿಯದ ವರ್ಷ

ಪುಣೆಯ ಶಾಲೆಯಲ್ಲಿ ಮಾಸ್ತರನಾಗಿ ನಾನು ಮಾಡಿದ ಮೊದಲ ಕೆಲಸವೆಂದರೆ ಹೆಡ್‌ಮಾಸ್ತರರ ಮಸಿಕುಡಿಕೆಯನ್ನು ನನ್ನ ಪಗಡಿಯಿಂದ ಕೆಡವಿದ್ದು.

ಇದು ಸಾವಿರದ ಒಂಬೈನೂರ ಏಳರ ಮಾತು. ಆಗ ಮಾಸ್ತರನಾದವನು ಬರಿತಲೆಯಲ್ಲಿ ಶಾಲೆಯ ಮೆಟ್ಟಿಲು ಹತ್ತುವಂತಿರಲಿಲ್ಲ. ಧಾರವಾಡದಿಂದ ಸುತ್ತಿಕೊಂಡು ಬಂದ ರುಮಾಲು ಇಲ್ಲಿ ನಗೆಪಾಟಲಾದೀತೆಂದು ಹೆದರಿ, ತಯಾರು ಕಟ್ಟಿದ್ದ ಒಂದು ಪುಣೇರಿ ಪಗಡಿಯನ್ನು ಕೊಂಡಿದ್ದೆ. ಅದನ್ನು ಕಟ್ಟಿದವನು ನನಗಿಂತ ಬುದ್ಧಿವಂತನ ತಲೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನೆಂದು ತೋರುತ್ತದೆ. ಹೆಡ್‌ಮಾಸ್ತರ ಬಿಂದುಮಾಧವರಾಯರ ಮೇಜಿನೆದುರು ಬಾಗಿ ನಮಸ್ಕಾರ ಮಾಡಿದೆ. ನಾನು ಎದ್ದೆ, ಪಗಡಿ ಏಳಲಿಲ್ಲ. ಅದು ಮೇಜಿನ ಮೇಲೆ ಉರುಳಿ, ಮಸಿಕುಡಿಕೆಗೆ ಬಡಿದು, ಅಲ್ಲಿ ಸಹಿಗಾಗಿ ಹರಡಿದ್ದ ದೊಡ್ಡ ಹಾಳೆಯೊಂದರ ಮೂಲೆಗೆ ಮಸಿ ಚೆಲ್ಲಿ, ಪಕ್ಕದಲ್ಲಿ ನಿಂತಿದ್ದ ಎತ್ತರದ ಮನುಷ್ಯನ ಕಾಲ ಬಳಿ ಹೋಗಿ ನಿಂತಿತು.

ಆತ ಅದನ್ನು ಎತ್ತಿ, ಒಳಗೆ ಇಣುಕಿ ನೋಡಿ, ಅಪ್ಪಟ ಕನ್ನಡದಲ್ಲಿ ಹೇಳಿದ: "ತಲಿ ಬೆಳಿಯೂ ತನಕಾ ಒಳಗ ಒಂದಿಷ್ಟು ಅರಿವಿ ತುರುಕ್ರಿ."

ಇವರೇ ಸಿದ್ರಾಮಪ್ಪ ಮಾಸ್ತರರು. ಇಂಡಿ ಎಂಬ ಊರಿನ ಕಡೆಯವರು. ಮಿಡ್ಲ್ ಸ್ಕೂಲಿನ ಮೂರನೆಯ ಇಯತ್ತೆಗೆ, ಅಂದರೆ ತರಗತಿಗೆ, ಗಣಿತ ಕಲಿಸುತ್ತಿದ್ದರು. ಮಸಿ ಬಿದ್ದ ಹಾಳೆ ಅವರ ವರ್ಷದ ಪಾಠಯೋಜನೆ.

ನಮ್ಮ ಶಾಲೆಯ ಪದ್ಧತಿಯನ್ನು ಇಲ್ಲಿ ಹೇಳಬೇಕು. ಜೂನಿನಲ್ಲಿ ಬಾಗಿಲು ತೆರೆದ ಕೂಡಲೆ ಪ್ರತಿ ಮಾಸ್ತರನೂ ಯಾವ ತಿಂಗಳು ಏನು ಕಲಿಸುವೆನೆಂದು ಬರೆದುಕೊಡಬೇಕು. ಹೆಡ್‌ಮಾಸ್ತರರು ಓದದೆ ಸಹಿ ಹಾಕಬೇಕು. ಆಮೇಲೆ ಮಾಸ್ತರನು ಅದನ್ನು ಮರೆಯಬೇಕು. ಮೂವರೂ, ಅಂದರೆ ಮಾಸ್ತರ, ಹೆಡ್‌ಮಾಸ್ತರ ಮತ್ತು ಯೋಜನೆ, ಹೀಗೆ ಸುಖವಾಗಿದ್ದರು. ನಾನು ಚಿತ್ರಕಲೆಯವನು. ನನ್ನ ಯೋಜನೆ ಎರಡು ಸಾಲಿನದು: ಮೊದಲ ಟರ್ಮು, ತಂಬಿಗೆ. ಎರಡನೆಯ ಟರ್ಮು, ನೆರಳಿನೊಂದಿಗೆ ತಂಬಿಗೆ.

ಆದರೆ ಅಂದು ಬಿಂದುಮಾಧವರಾಯರು ಒತ್ತುಕಾಗದ ಹಿಡಿದು ಸಿದ್ರಾಮಪ್ಪನವರ ಹಾಳೆಯ ಮಸಿ ಹೀರಿಸಬೇಕಾಯಿತು. ಮಸಿ ಹೀರಿಸುವಾಗ ಕಣ್ಣು ಕೆಳಗಿರುತ್ತದೆ. ಕಣ್ಣು ಕೆಳಗಿದ್ದರೆ ಓದು ಬಂದವನಿಗೆ ಓದದಿರಲು ಆಗುವುದಿಲ್ಲ. ರಾಯರ ಹುಬ್ಬು ಮೇಲೇರಿತು. ಅವರ ಮನೆತನ ಬಾಗಲಕೋಟೆಯದಾದರೂ ಪುಣೆಗೆ ಬಂದು ಮೂರು ತಲೆಮಾರು ಆಗಿತ್ತು. ಶಾಲೆಯಲ್ಲಿ ಮರಾಠಿಯನ್ನೇ ಮಾತಾಡುವರು. ಬಾಗಿಲಲ್ಲಿ ನಿಂತ ಸಿಪಾಯಿಗೆ ತಿಳಿಯಬಾರದಂಥ ಸಿಟ್ಟು ಬಂದರೆ ಮಾತ್ರ ಕನ್ನಡ.

"ಏನ್ರೀ ಸಿದ್ರಾಮಪ್ಪ," ಕನ್ನಡ ಹೊರಬಿತ್ತು, "'ಗಣಪತಿ ಕಳಿಸಿದ ಮ್ಯಾಲೆ ಪ್ಲೇಗು' ಅಂತ ಬರದೀರಿ?"

"ಹೌದ್ರಿ."

"ಪ್ಲೇಗು ಏನ್ ನಿಮ್ಮ ಬೀಗರೇನ್ರೀ, ತಿಥಿ ಹಾಕಿ ಕರೀಲಿಕ್ಕೆ?"

"ಬೀಗರಕಿಂತ ಛಲೋರಿ. ಕರೀದನ ಬರ್ತದ, ತಿಂಗಳಾ ತಪ್ಪಸೂದಿಲ್ಲ."

ಸುಳ್ಳೇನಲ್ಲ. ಆ ವರ್ಷಗಳಲ್ಲಿ ಪುಣೆಗೆ ಪ್ಲೇಗು ಹಬ್ಬದಂತೆಯೇ ಬರುತ್ತಿತ್ತು. ಮೊದಲು ಯಾರದೋ ವಾಡೆಯಲ್ಲಿ ಇಲಿ ಬೀಳುವುದು. ಇಲಿ ಸತ್ತು ಬಿದ್ದಿತೆಂದರೆ ಜನ ಗಂಟುಮೂಟೆ ಕಟ್ಟಿ, ಪರ್ವತಿ ಗುಡ್ಡದ ಆಚೆ ಬಯಲಿನಲ್ಲಿ ತಟ್ಟಿಯ ಗುಡಿಸಲು ಹಾಕಿಕೊಂಡು, ಚಳಿ ಕಳೆಯುವವರೆಗೆ ಅಲ್ಲಿರುವರು. ಶಾಲೆಗೆ ಬೀಗ. ಊರೆಲ್ಲ ಬಲ್ಲ ಈ ಸಂಗತಿಯನ್ನು ಬೇರೆ ಯಾವ ಮಾಸ್ತರನೂ ಯೋಜನೆಯಲ್ಲಿ ಬರೆಯುತ್ತಿರಲಿಲ್ಲ. ಎಲ್ಲರ ಹಾಳೆಯಲ್ಲೂ ಆಶ್ವೀಜ, ಕಾರ್ತೀಕ, ಮಾರ್ಗಶಿರ ಉಳಿದ ತಿಂಗಳುಗಳಂತೆಯೇ ಸಾಲಾಗಿ ಕೂತಿರುತ್ತಿದ್ದವು, ಒಳ್ಳೆಯ ಹುಡುಗರ ಹಾಗೆ.

ಸಿದ್ರಾಮಪ್ಪನವರ ಹಾಳೆಯಲ್ಲಿ ವರ್ಷವೇ ತಲೆಕೆಳಗು. ಭಿನ್ನರಾಶಿ, ತ್ರೈರಾಶಿ, ಸರಳಬಡ್ಡಿ, ಚಕ್ರಬಡ್ಡಿ, ಹೀಗೆ ಗಟ್ಟಿ ಕಾಳೆಲ್ಲ ಜೂನಿನಿಂದ ಗಣಪತಿ ಹಬ್ಬದೊಳಗೆ. ಆಮೇಲೆ ಗುಡಿಸಲಿನಲ್ಲಿ ಬರಿ ಬಾಯಿಲೆಕ್ಕ: ಮಗ್ಗಿ, ಕಾಲರ ಮಗ್ಗಿ, ಅರ್ಧರ ಮಗ್ಗಿ. ಹಗ್ಗ ಹಿಡಿದು ಗುಡಿಸಲಿನ ಉದ್ದಗಲ ಅಳೆಸಿ ಕ್ಷೇತ್ರಫಲ. ತರಗತಿಯಲ್ಲಿ ಹುಡುಗರನ್ನು ಕೂರಿಸುವುದೂ ಪೇಟೆಪೇಟೆಯಾಗಿ. ರವಿವಾರ ಪೇಟೆಯವರು ಒಂದು ಸಾಲು, ಗಂಜ ಪೇಟೆಯವರು ಒಂದು ಸಾಲು. ಬಯಲಿಗೆ ಹೋದಾಗ ಒಂದೇ ಕಡೆ ಇರುವವರು ಒಬ್ಬರಿಗೊಬ್ಬರು ಹೇಳಿಕೊಡಲಿ ಎಂದು. ಹಿಂದಿನ ಎರಡು ವರ್ಷ ಹೀಗೆಯೇ ನಡೆದು, ಮಾಘದಲ್ಲಿ ಬಂದ ಇನ್ಸ್‌ಪೆಕ್ಟರ ಸಾಹೇಬರು ಮೂರನೆಯ ಇಯತ್ತೆಯ ಬೆನ್ನು ತಟ್ಟಿ ಹೋಗಿದ್ದರು. ಹುಡುಗರು ಹೇಗೆ ಕಲಿತರೆಂದು ಯಾರೂ ಕೇಳಿರಲಿಲ್ಲ.

"ಇದನ್ನ ನಾ ಸರಕಾರಕ್ಕ ಕಳಸಲೇನು?" ಎಂದರು ರಾಯರು. "ಈ ಸಾಲಿ ಪ್ಲೇಗಿನ ದಾರಿ ಕಾಯ್ತದ ಅಂತಾರ. ಹುಡುಗ್ರ ಅಪ್ಪಂದ್ರು ಓದಿದರ ನಾಳೆನ ಹೆಸರು ತಗಸ್ತಾರ. ಅದೂ ಅಲ್ಲದ ವರ್ಷದ ಮೊದಲ ಕಾಗದದ ಮ್ಯಾಲೆ ಆ ಅಮಂಗಳ ಶಬ್ದ." ಅವರ ದನಿ ಸ್ವಲ್ಪ ಇಳಿಯಿತು. ರಾಯರ ಅಣ್ಣ ಹೋದದ್ದು ಅದೇ ಬೇನೆಯಲ್ಲಿ. ಮತ್ತೆ ದನಿ ಏರಿಸಿದರು. "ಸುಲಭದಿಂದ ಕಠಿಣಕ್ಕ ಹೋಗಬೇಕು. ಟ್ರೇನಿಂಗ್ ಕಾಲೇಜಿನ್ಯಾಗ ಕಲಸೂದ ಇದು. ಮೊದಲ ಮಗ್ಗಿ. ಚಕ್ರಬಡ್ಡಿ ಮಾಘಕ್ಕ."

"ಸುಲಭದ್ದು ಗುಡಸಲದಾಗೂ ಆಗ್ತದ್ರಿ ರಾಯರ. ಕಠಿಣಕ್ಕ ಕರಿಹಲಗಿ ಬೇಕು, ಹಲಗಿಗೆ ಗ್ವಾಡಿ ಬೇಕು."

"ಈ ಸಲ ಕಮಿಟಿಯವರು ನಿಮ್ಮನ್ನ ಕಾಯಂ ಮಾಡೂ ವಿಚಾರದಾಗಿದ್ದಾರ," ಎಂದರು ರಾಯರು ಮೆಲ್ಲಗೆ. "ಇನ್ಸ್‌ಪೆಕ್ಟರ ಸಾಹೇಬರು ಹೂಂ ಅಂದರ ಆತು. ಕಾಗದ ಸ್ವಚ್ಛ ಇರಲಿ."

ಅಲ್ಲಿಗೆ ವಾದ ಮುಗಿಯಿತು. ಸಿದ್ರಾಮಪ್ಪನವರು ಹಂಗಾಮಿ ಮಾಸ್ತರರು. ಹಂಗಾಮಿಯವನನ್ನು ಬೇಸಗೆ ರಜೆ ಬರುವ ಮುನ್ನ ತೆಗೆದುಹಾಕಿ ಜೂನಿಗೆ ಮತ್ತೆ ಸೇರಿಸಿಕೊಳ್ಳುವರು. ನಡುವಿನ ಎರಡು ತಿಂಗಳು ಅವನು ಗಾಳಿ ಕುಡಿದು ಬದುಕಿದ್ದು ಬರಬೇಕು. ಕಾಯಂ ಆಗುವುದೆಂದರೆ ಬೇಸಗೆಯಲ್ಲೂ ಉಣ್ಣುವುದು. ಅವರು ಹೊಸ ಹಾಳೆ ಕೇಳಿದರು. ಮಸಿಯ ಹಾಳೆಯನ್ನು ರಾಯರು ಮಡಚಿ ಮೇಜಿನ ಖಾನೆಯೊಳಗೆ ತಳ್ಳಿದರು. ನನ್ನ ತಂಬಿಗೆಯ ಮೇಲೆ ಕಣ್ಣಾಡಿಸಿ, "ಇದಕ್ಕ ಯೋಜನಾ ಅಂತಾರ" ಎಂದು ಸಹಿ ಹಾಕಿದರು.

ಹೊರಗೆ ಬಂದ ಮೇಲೆ ನಾನು, ಊರಿಗೆ ಹೊಸಬನಾದರೂ ಉಪದೇಶಕ್ಕೆ ಹಳಬ, ಅವರಿಗೆ ದಾರಿ ತೋರಿಸಿದೆ: "ರಾಯರು ಹೇಳಿದ್ದ ಬರೀರಿ ಮಾಸ್ತರ. ಪಾಠಾ ನಿಮ್ಮ ಹಂಗ ಮಾಡ್ರಿ. ಯಾರ್ ನೋಡ್ತಾರ?"

ಅವರು ನನ್ನನ್ನು ಪಗಡಿಯಿಂದ ಜೋಡಿನವರೆಗೆ ನೋಡಿದರು. "ಬರಿಯೂದೊಂದು ಮಾಡೂದೊಂದು ಆದರ ಅದಕ್ಕ ಚಿತ್ರಕಲಾ ಅಂತಾರ್ರಿ. ಗಣಿತ ಅಂತನ್ನೂದಿಲ್ಲ."

ಇದು ಅವರ ದೊಡ್ಡ ಗುಣ. ಅವರನ್ನು ಮುಳುಗಿಸಿದ್ದೂ ಇದೇ. ಶಾಲೆಯಲ್ಲಿದ್ದ ನಾವೆಲ್ಲ ಬರೆದದ್ದನ್ನು ಮರೆತು ಬದುಕಿದೆವು. ಅವರೊಬ್ಬರು ತಾವು ನಂಬದ ಯೋಜನೆಯನ್ನು, ಕೈಯಾರೆ ಬರೆದುಕೊಟ್ಟೆನೆಂಬ ಒಂದೇ ಕಾರಣಕ್ಕೆ, ಅಕ್ಷರಶಃ ನಡೆಸಿದರು. ಜೂನಿನಲ್ಲಿ ಮಗ್ಗಿ. ಜುಲೈಯಲ್ಲಿ ಕಾಲರ ಮಗ್ಗಿ. ಶ್ರಾವಣದಲ್ಲಿ ಅರ್ಧರ ಮಗ್ಗಿ. ಕರಿಹಲಗೆ ಗೋಡೆಗೆ ಒರಗಿ, ಕೆಲಸವಿಲ್ಲದ ಅಳಿಯನಂತೆ ನಿಂತಿತ್ತು. ಮೂರನೆಯ ಇಯತ್ತೆಯ ಹಾಡು ಬೀದಿಯ ಕೊನೆಗೆ ಕೇಳುತ್ತಿತ್ತು. ರಾಯರಿಗೆ ಪರಮಾನಂದ.

ಗಣಪತಿಯನ್ನು ಹೊಳೆಗೆ ಕಳಿಸಿ ಬಂದ ವಾರವೇ ಗಂಜ ಪೇಟೆಯಲ್ಲಿ ಇಲಿ ಬಿದ್ದವು.

ಬಯಲಿನಲ್ಲಿ ಸಿದ್ರಾಮಪ್ಪನವರ ಗುಡಿಸಲು ನನ್ನದರಿಂದ ಕೂಗಳತೆಯಲ್ಲಿತ್ತು. ಒಂದು ಮುಂಜಾನೆ ಹೋದೆ. ಅವರ ಹೆಂಡತಿ ಸಾವಂತ್ರವ್ವ ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಮಾಸ್ತರರು ಹೊರಗೆ ನೆಲದ ಮೇಲೆ ಕೋಲಿನಿಂದ ತ್ರೈರಾಶಿಯ ಲೆಕ್ಕ ಗೀರುತ್ತಿದ್ದರು. ಯೋಜನೆಯ ಪ್ರಕಾರ ಆ ತಿಂಗಳು ತ್ರೈರಾಶಿ. ಸುತ್ತ ಕೂತ ಹುಡುಗರು ಎಣಿಸುವಷ್ಟು. ಉಳಿದವರು ಯಾವ ಬಯಲಿನಲ್ಲಿದ್ದಾರೋ. ಒಂದು ಹೆಜ್ಜೆ ಬರೆಯುವಷ್ಟರಲ್ಲಿ ಹಿಂದಿನದನ್ನು ಗಾಳಿ ಅಳಿಸುತ್ತಿತ್ತು. ಅಷ್ಟರಲ್ಲಿ ಕುಂಬಾರನ ಕತ್ತೆಯೊಂದು ಬಂದು ಲೆಕ್ಕದ ನಡುವೆ ನಡೆದುಹೋಯಿತು.

"ಮೂರರಾಗ ಎರಡು ರಾಶಿ ಅದರ ಕಾಲಾಗ ಹೋದೂರಿ," ಎಂದರು ಮಾಸ್ತರರು. "ಒಂದು ಉಳದದ. ಇದರ ಮ್ಯಾಲೆ ಉತ್ತರಾ ತಗೀಬೇಕು."

ಒಲೆಯ ಕಡೆಯಿಂದ ಸಾವಂತ್ರವ್ವ ಮಾತು ಎಸೆದರು: "ಕೇಳ್ರಿ ಡ್ರಾಯಿಂಗ್ ಮಾಸ್ತರ. ಈ ಮನಿಶ್ಯಾ ಮಳಿ ಬರ್ತದ ಅಂತ ಗೊತ್ತಿದ್ದೂ ಛತ್ರಿ ಮಡಚಿ ಕಂಕಳಾಗ ಇಟಗೊಂಡು ತೊಯ್ಸಿಗೊಂಡು ಬರ್ತಾರ. ಯಾಕಂದ್ರ ಮಡಚ್ರಿ ಅಂತ ರಾಯರು ಹೇಳ್ಯಾರಂತ!"

"ರೊಟ್ಟಿ ಹೊತ್ತತು ನೋಡ," ಎಂದರು ಮಾಸ್ತರರು.

"ಹೊತ್ತಲಿ. ಯೋಜನಾದಾಗ ಬರದಿರಬೇಕು."

ನಾನು ನಕ್ಕೆ. ಅವರಿಬ್ಬರೂ ನಗಲಿಲ್ಲ.

ಪುಷ್ಯದಲ್ಲಿ ಶಾಲೆ ತೆರೆಯಿತು. ರವಿವಾರ ಪೇಟೆಯ ಕೆಲವು ಹುಡುಗರು ಇನ್ನು ಬರುವಂತಿರಲಿಲ್ಲ. ಹಾಜರಿ ಹಾಕುವಾಗ ಸಿದ್ರಾಮಪ್ಪನವರು ಆ ಹೆಸರುಗಳನ್ನು ಕೂಗುತ್ತಿರಲಿಲ್ಲ. ಆದರೆ ಅವು ಬರುವ ಜಾಗದಲ್ಲಿ ಒಂದು ಉಸಿರಿನಷ್ಟು ತಡೆದು ಮುಂದಿನದಕ್ಕೆ ಹೋಗುತ್ತಿದ್ದರು. ಹುಡುಗರಿಗೂ ಆ ತಡೆ ರೂಢಿಯಾಯಿತು. ಉಳಿದ ದಿನಗಳಲ್ಲಿ ಮಾಸ್ತರರು ಸೀಮೆಸುಣ್ಣ ಹಿಡಿದು ಕುದುರೆಯ ಮೇಲೆ ಕೂತವರಂತೆ ಓಡಿದರು. ಭಿನ್ನರಾಶಿ ಆಯಿತು. ತ್ರೈರಾಶಿ ಅರ್ಧ ಆಯಿತು. ಸರಳಬಡ್ಡಿಯ ಹೊಸ್ತಿಲಲ್ಲಿ ಇನ್ಸ್‌ಪೆಕ್ಟರ ಸಾಹೇಬರು ಬಂದರು.

ಸಾಹೇಬರು ಯೋಜನೆಯನ್ನು ಕೈಯಲ್ಲಿ ಹಿಡಿದೇ ತರಗತಿಗೆ ಬಂದರು. ಗಣಿತವಾದ ಮೇಲೆ ಚಿತ್ರಕಲೆ ನೋಡುವವರಿದ್ದುದರಿಂದ ನಾನೂ ನನ್ನ ತಂಬಿಗೆಗಳೊಂದಿಗೆ ಬಾಗಿಲಲ್ಲಿದ್ದೆ. ಮಾಘ ಮಾಸ, ಚಕ್ರಬಡ್ಡಿ. ಅವರು ಒಂದು ಚಕ್ರಬಡ್ಡಿಯ ಲೆಕ್ಕ ಹೇಳಿದರು. ಮೂರನೆಯ ಇಯತ್ತೆ ಗೋಡೆ ನೋಡಿತು. ಹಿಂದಿನ ಸಾಲಿನಲ್ಲಿ ಒಬ್ಬ ಅರ್ಧರ ಮಗ್ಗಿ ಶುರುಮಾಡಿದ. ಉಳಿದವರು ಸಂತೋಷದಿಂದ ಜತೆಗೂಡಿದರು. ಸಾಹೇಬರು ಕೈಯೆತ್ತಿ ನಿಲ್ಲಿಸಿದರು.

"ಚಕ್ರಬಡ್ಡಿ ಆಗಿಲ್ಲವೆ?" ಮರಾಠಿಯಲ್ಲಿ ಕೇಳಿದರು.

"ಇಲ್ಲ ಸಾಹೇಬ," ಸಿದ್ರಾಮಪ್ಪನವರೂ ಮರಾಠಿಯಲ್ಲಿ ಹೇಳಿದರು.

"ಯೋಜನೆಯಲ್ಲಿ ಇದೆಯಲ್ಲ?"

"ಯೋಜನೆ ಸರಿಯಾಗಿದೆ ಸಾಹೇಬ. ವರ್ಷ ತಪ್ಪಿತು."

ಸಾಹೇಬರು ರಾಯರ ಕಡೆ ನೋಡಿದರು. ರಾಯರು ಕಿಟಕಿಯ ಕಡೆ ನೋಡಿದರು. ಕಿಟಕಿಯಾಚೆ ಒಂದು ಬೇವಿನ ಮರವಿತ್ತು. ಅದನ್ನು ಅವರು ಅಷ್ಟು ಆಸಕ್ತಿಯಿಂದ ನೋಡಿದ್ದನ್ನು ಮೊದಲು ಕಂಡಿರಲಿಲ್ಲ. ಆಮೇಲೆ, "ಯೋಜನೆಯನ್ನು ಮುಗಿಸುವುದು ಮಾಸ್ತರರ ಹೊಣೆ" ಎಂದರು, ಮರಕ್ಕೆ. ನಾನೇನು ಮಾಡಿದೆನೆಂದರೆ, ತಂಬಿಗೆಗಳ ನೆರಳು ಸರಿಯಾಗಿದೆಯೇ ಎಂದು ಬಗ್ಗಿ ನೋಡಿದೆ. ಸಾಹೇಬರು ನನ್ನ ನೆರಳನ್ನು ಬಹಳ ಮೆಚ್ಚಿದರು.

ಕಾಯಂ ಜಾಗಕ್ಕೆ ಟ್ರೇನಿಂಗ್ ಕಾಲೇಜಿನ ತರುಣನೊಬ್ಬ ಬಂದ. ಸಿದ್ರಾಮಪ್ಪನವರನ್ನು ಎಂದಿನಂತೆ ಬೇಸಗೆಗೆ ತೆಗೆದರು. ಎಂದಿನಂತೆ, ಜೂನಿಗೆ ಬನ್ನಿರೆಂದರು. ಆ ಎರಡು ತಿಂಗಳು ಅವರು ಭೋಸರಿಯ ಕಡೆ ಯಾರದೋ ತೋಟ ಅಳೆದುಕೊಟ್ಟು ಕಳೆದರಂತೆ. ಜೂನಿಗೆ ಬಂದಾಗ ಕತ್ತು ಕರ್ರಗೆ ಸುಟ್ಟಿತ್ತು. ಯಾಕೆ ಮತ್ತೆ ಬಂದಿರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಸಾವಂತ್ರವ್ವ ಕೇಳಿಯೇ ಇರಬೇಕು.

ಮಾಸ್ತರರ ಮೊದಲ ಸಭೆ. ಬಿಂದುಮಾಧವರಾಯರು ಕನ್ನಡಕ ಒರೆಸಿ, ಬೇಸಗೆಯಿಡೀ ಚಿಂತಿಸಿ ಗಣಿತಕ್ಕೆ ತಾವೊಂದು ಹೊಸ ಯೋಜನೆ ರಚಿಸಿರುವುದಾಗಿ ಹೇಳಿದರು. ಗಟ್ಟಿ ಪಾಠಗಳೆಲ್ಲ ಮೊದಲು. ಗಣಪತಿ ಹಬ್ಬದ ನಂತರ "ಹವಾಮಾನದ ಬದಲಾವಣೆ" ಇರುವುದರಿಂದ ಬಾಯಿಲೆಕ್ಕ. ಬಯಲಿನಲ್ಲಿ ಹಗ್ಗದಿಂದ ಕ್ಷೇತ್ರಫಲ. ಹುಡುಗರು ಪೇಟೆವಾರು ಕೂರುವುದು. ತರುಣ ಮಾಸ್ತರ "ವಾಹ್!" ಎಂದ. ರಾಯರು ಓದುತ್ತಿದ್ದ ಹಾಳೆಯ ಮೂಲೆ ನನ್ನ ಕಡೆಗಿತ್ತು. ಅಲ್ಲಿ ನನ್ನ ಪಗಡಿ ಚೆಲ್ಲಿದ್ದ ಮಸಿ ಒಣಗಿ ಕೂತಿತ್ತು, ಒಂದು ತಂಬಿಗೆಯ ಆಕಾರದಲ್ಲಿ. ಸಿದ್ರಾಮಪ್ಪನವರೂ ಅದನ್ನು ನೋಡುತ್ತಿದ್ದರು.

"ಸಿದ್ರಾಮಪ್ಪ," ಎಂದರು ರಾಯರು. ಅಂದು ಸಿಟ್ಟಿರಲಿಲ್ಲ, ಆದರೂ ಯಾಕೋ ಕನ್ನಡವೇ ಬಂತು. "ನಿಮ್ಮ ಅಕ್ಷರ ಭಾಳ ಛಂದ. ಇದರ ಪ್ರತಿ ನೀವ ತಗೀರಿ. ಇನ್ಸ್‌ಪೆಕ್ಟರ ಸಾಹೇಬರಿಗೊಂದು, ಕಮಿಟಿಗೊಂದು, ಹೊಸಾ ಮಾಸ್ತರಿಗೊಂದು."

ಅವರು ಕೂತು ಬರೆದರು. ತಮ್ಮದೇ ಸಾಲುಗಳನ್ನು, ತಮ್ಮದೇ ದುಂಡಕ್ಷರದಲ್ಲಿ, ಕೆಳಗೆ ಹೆಡ್‌ಮಾಸ್ತರರ ಹೆಸರಿಟ್ಟು, ಪ್ಲೇಗನ್ನು ಹೊಡೆದು ರಾಯರು ಬರೆದ ಹವಾಮಾನದ ಸಮೇತ, ಕೊಟ್ಟದ್ದನ್ನು ಕೊಟ್ಟಂತೆ ಪ್ರತಿ ತೆಗೆದರು. ಮಸಿಯ ಕಲೆಯೊಂದನ್ನು ಮಾತ್ರ ಬಿಟ್ಟರು. ಮಸಿ ಒಣಗಲೆಂದು ಮರಳು ಉದುರಿಸಿ, ಹಾಳೆಗಳನ್ನು ಜೋಡಿಸಿ, ಮೇಜಿನ ಮೇಲಿಟ್ಟರು. ರಾಯರು ಎಣಿಸಿ ನೋಡಿ ತೃಪ್ತರಾದರು.

"ಎಲ್ಲಾರಿಗೂ ಆತಲ್ಲ? ಇನ್ನ ಯಾರಿಗೆರ ಕೊಡೂದು ಉಳದದೇನ್ರೀ?"

ಸಿದ್ರಾಮಪ್ಪನವರು ಟಾಕಿನ ಮೊನೆಯ ಮಸಿಯನ್ನು ಧೋತರದ ಅಂಚಿಗೆ ಒರೆಸಿದರು.

"ಇಲಿಗೋಳಿಗೆ ಒಂದು ಉಳದದ್ರಿ."