ಹಾಡಿಲ್ಲದ ಕುಣಿತ ನಮ್ಮಲ್ಲಿಲ್ಲ

ನಾನು ಹುಟ್ಟಿದ್ದು ವಿಜಯಪುರದ ಅಂಚಿನಲ್ಲಿದ್ದ ಒಂದು ಪಾಳುಬಿದ್ದ ಬಾವಡಿಯ ಪಕ್ಕದಲ್ಲಿ. ಮೆಟ್ಟಿಲಿಳಿದು ನೀರು ತರುವ ಹಳೆಯ ಕಾಲದ ಕಲ್ಲಿನ ಬಾವಿ ಅದು. ಸುತ್ತ ದಾರಿಹೋಕರಿಗೆಂದು ಕಟ್ಟಿದ ಕಮಾನಿನ ಕೋಣೆಗಳಿದ್ದವು. ಕಲ್ಲು ಒಡೆಯುವ ಕೆಲಸಕ್ಕೆಂದು ತಾಂಡಾ ಬಿಟ್ಟು ಬಂದ ಲಂಬಾಣಿಗರಿಗೆ ಊರೊಳಗೆ ಯಾರೂ ಬಾಡಿಗೆ ಮನೆ ಕೊಡಲಿಲ್ಲ. ಹಾಗಾಗಿ ನಮ್ಮ ಕೆಲವು ಮನೆತನಗಳು ಆ ಕಮಾನುಗಳ ಬಾಯಿಗೆ ಗೋಣಿತಟ್ಟು ಕಟ್ಟಿಕೊಂಡು ಸಂಸಾರ ಹೂಡಿದ್ದವು. ಶಾಲೆಯಲ್ಲಿ ನಮ್ಮನ್ನು 'ಗವಿಯವರು' ಎಂದು ಕರೆಯುತ್ತಿದ್ದರು. "ಹೌದು, ಗವಿಯಾಕಿನ ನಾನು. ಏನೀಗ?" ಎನ್ನುತ್ತಿದ್ದೆ. ಹಾಗೆ ತಿರುಗಿ ಹೇಳುವುದನ್ನು ಕಲಿಸಿದವಳು ಯಾಡಿ. ನಮ್ಮ ಮಾತಿನಲ್ಲಿ ಯಾಡಿ ಎಂದರೆ ತಾಯಿ.

ಸಂಜೆ ಕೆಲಸದಿಂದ ಬಂದ ಹೆಂಗಸರು ಒಲೆ ಹೊತ್ತಿಸುವ ಮೊದಲು ಹಾಡಲು ಕೂರುತ್ತಿದ್ದರು. ಯಾಡಿ ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಹಿಡಿಯುತ್ತಿದ್ದರು, ಕಲ್ಲಿನ ಕಮಾನು ಅದನ್ನು ದುಪ್ಪಟ್ಟು ಮಾಡಿ ಹಿಂದಕ್ಕೆ ಕೊಡುತ್ತಿತ್ತು. ಹಾಡು ಕಾವೇರಿದ ಮೇಲಷ್ಟೇ ಅವರು ಎದ್ದು ಕುಣಿಯುತ್ತಿದ್ದರು.

ಕೆಲವು ವರ್ಷಗಳಲ್ಲಿ ಆ ಜಾಗ ಬಿಡಿಸಿದರು. ನಾವು ತಾಂಡಾಕ್ಕೆ ಮರಳಿದೆವು. ನಾನು ಓದಿ ನರ್ಸ್ ಆದೆ, ಈಗ ಬಬಲೇಶ್ವರದ ದವಾಖಾನೆಯಲ್ಲಿದ್ದೇನೆ. ಯಾಡಿಗೆ ವಯಸ್ಸಾಗಿದೆ. ಆದರೂ ತಾಂಡಾದ ಹೆಂಗಸರನ್ನು ಕೂಡಿಸಿಕೊಂಡು ಮದುವೆಗಳಲ್ಲಿ, ಹೋಳಿಹಬ್ಬದಲ್ಲಿ ಹಾಡುತ್ತಾಳೆ.

ಹೋದ ವರ್ಷ ತಿಕೋಟಾದ ಆಚೆ ರೆಸಾರ್ಟು ತೆರೆದವನೊಬ್ಬ ಯಾಡಿಯನ್ನು ಹುಡುಕಿಕೊಂಡು ಬಂದ. ದ್ರಾಕ್ಷಿ ತೋಟ ನೋಡಲು ಬರುವ ಮಂದಿಗೆಂದು ಸಿಮೆಂಟಿನಲ್ಲಿ ಒಂದು ಗವಿ ಕಟ್ಟಿಸಿದ್ದನಂತೆ. ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಸ್ಪೇನ್ ದೇಶದ ಗುಡ್ಡವೊಂದರಲ್ಲಿ ಸುಣ್ಣ ಬಳಿದ ಗವಿಮನೆಗಳು, ಅವುಗಳೊಳಗೆ ಜಿಪ್ಸಿಗಳೆಂದು ಕರೆಯುವ ರೊಮಾನಿ ಜನರ ಹಾಡು, ಕುಣಿತ.

"ಇವ್ರ ಹಿರ್ಯಾರು ನಮ್ಮ ದೇಶದಿಂದನ ಹೋದಾವ್ರಂತ. ನಮಗೂ ಹಿಂಗ ಬೇಕ್ರಿ" ಎಂದ.

ವಿಡಿಯೋದಲ್ಲಿ ಒಬ್ಬ ಮುದುಕಿ ಕುರ್ಚಿಯ ಮೇಲೆ ಕೂತು ಚಪ್ಪಾಳೆ ತಟ್ಟುತ್ತ ಹಾಡುತ್ತಿದ್ದಳು, ಆಮೇಲೆ ಎದ್ದು ನೆಲಕ್ಕೆ ಕಾಲು ಅಪ್ಪಳಿಸಿದಳು. ಯಾಡಿ ಅದನ್ನು ಮತ್ತೊಮ್ಮೆ ಹಾಕಿಸಿ ನೋಡಿದಳು.

"ಆಕಿ ನಗಾಕತ್ತಿಲ್ಲ ನೋಡು" ಎಂದಳು ನನಗೆ. "ಯಾರನ್ನೂ ಖುಷಿ ಮಾಡಾಕ ಕುಣಿಯಾಕತ್ತಿಲ್ಲ." ಅವನ ಕಡೆ ತಿರುಗಿ, "ಬರ್ತೀವ್ರಿ" ಎಂದಳು.

ಕುಣಿತವಿದ್ದ ದಿನ ನನಗೆ ರಜೆ ಇತ್ತು, ನಾನೂ ಹೋದೆ. ಮಧ್ಯಾಹ್ನ. ಹೆಂಗಸರು ಕನ್ನಡಿ ಕೂರಿಸಿದ ಲಂಗ ಉಟ್ಟು, ಮೊಣಕೈ ದಾಟುವಷ್ಟು ಬಳೆ ತೊಟ್ಟು ಸಿಮೆಂಟಿನ ಗವಿಯಲ್ಲಿ ನಿಂತರು. ಆಗ ಅವನು ಬಂದು ಹೇಳಿದ: "ಹಾಡು ಬ್ಯಾಡ್ರಿ, ನಿಮ್ಮ ಭಾಷಾ ಇಲ್ಲಿ ಯಾರಿಗೂ ತಿಳಿಯಂಗಿಲ್ಲ. ಸ್ಪೀಕರಿನ್ಯಾಗ ಸಿನಿಮಾ ಹಾಡು ಹಾಕ್ತೀವಿ. ನೀವು ನಕ್ಕೋತ ಕುಣೀರಿ, ಸಾಕು."

"ಹಾಡಿಲ್ಲದ ಕುಣಿತ ನಮ್ಮಲ್ಲಿಲ್ರಿ" ಎಂದಳು ಯಾಡಿ.

"ಮಂದಿ ಕುಂತಾರ. ಹಟ ಮಾಡಬ್ಯಾಡ್ರಿ."

ಸ್ಪೀಕರು ಶುರುವಾಯಿತು. ಮಂದಿ ಮೊಬೈಲು ಎತ್ತಿ ಹಿಡಿದರು. ಯಾಡಿ ಗವಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಒಬ್ಬೊಬ್ಬರಾಗಿ ಉಳಿದವರೂ ಕೂತರು. ಅವನು ನನ್ನ ಹತ್ತಿರ ಬಂದ.

"ಸಿಸ್ಟರ್, ನೀವು ಓದಿದಾವ್ರು. ಒಂದೀಟು ತಿಳಿಸಿ ಹೇಳ್ರಿ."

"ಆಕಿ ಕನ್ನಡದಾಗ ಹೇಳ್ಯಾಳಲ್ರಿ" ಎಂದೆ. ಹೋಗಿ ನಾನೂ ಯಾಡಿಯ ಪಕ್ಕ ಕೂತೆ.

ಹಾಡು ಮುಗಿಯಿತು, ಇನ್ನೊಂದು ಹಾಡೂ ಮುಗಿಯಿತು. ನೋಡಲು ಬಂದವರಲ್ಲಿ ಯಾರೋ ನಗತೊಡಗಿದಾಗ ಅವನೇ ಸ್ಪೀಕರು ಬಂದ್ ಮಾಡಿಸಿದ. ಯಾಡಿ ಸೊಲ್ಲು ಎತ್ತಿದಳು. ಆ ಗವಿಯಲ್ಲಿ ದನಿ ಮೇಲೇಳಲಿಲ್ಲ, ಒದ್ದೆ ಬಟ್ಟೆಯ ಹಾಗೆ ಅಲ್ಲೇ ಬಿತ್ತು. ಅವಳು ಎದ್ದು, ಯಾರನ್ನೂ ಕೇಳದೆ, ಹೆಂಗಸರನ್ನೆಲ್ಲ ಹೊರಗಿನ ಬೇವಿನ ಗಿಡದ ಕೆಳಗೆ ಕರೆದೊಯ್ದಳು. ನೋಡುಗರಲ್ಲಿ ಕೆಲವರು ಹಿಂದೆ ಬಂದರು, ಕೆಲವರು ಊಟಕ್ಕೆ ನಡೆದರು. ಹೆಂಗಸರು ತಮಗೆ ಸಾಕೆನಿಸುವವರೆಗೆ ಹಾಡಿದರು, ಕುಣಿದರು.

ಆಮೇಲೆ ನಮ್ಮನ್ನು ಅಲ್ಲಿಗೆ ಕರೆಯಲಿಲ್ಲ. ಅವನು ಕಾಲೇಜಿನ ಹುಡುಗಿಯರಿಗೆ ಬಾಡಿಗೆಯ ಲಂಬಾಣಿ ಉಡುಪು ತೊಡಿಸಿ ಸ್ಪೀಕರಿಗೇ ಕುಣಿಸಿದ ಸುದ್ದಿ ಬಂತು. ತಾಂಡಾದ ಹೆಂಗಸರು ಸಿಟ್ಟಾದರು.

"ಕುಣೀಲಿ" ಎಂದಳು ಯಾಡಿ. "ಆದ್ರ ಆ ಲಂಗದ ಜೋಡಿ ಹಾಡೂ ಐತಿ. ಬೇಕಂದ್ರ ಬಂದು ಕಲೀಲಿ." ಆ ಹುಡುಗಿಯರಿಗೆ ಹಾಗೆಂದು ಹೇಳಿಯೂ ಕಳಿಸಿದಳು.

ಒಬ್ಬ ಹುಡುಗಿ ನಿಜಕ್ಕೂ ಬಸ್ಸು ಹತ್ತಿ ಬಂದಳು. ಈಗಲೂ ರವಿವಾರ ಬರುತ್ತಾಳೆ. ಬಹಳ ದಿನ ಬರೀ ಹಾಡೇ ನಡೆಯಿತು. ಒಮ್ಮೆ ಬೇಸತ್ತು ಕೇಳಿದಳು, "ಆಯೀ, ಕುಣಿತ ಯಾವಾಗ್ರಿ?"

"ಮೊದಲ ಬಾಯಿ ಬಿಡು" ಎಂದಳು ಯಾಡಿ. "ಓಣಿ ಆ ಕಡೆಗೆ ಕೇಳಬೇಕು."

ಹುಡುಗಿ ಎದ್ದು ನಿಂತು ಗಂಟಲು ಬಿಚ್ಚಿ ಹಾಡಿದಳು. ಪಕ್ಕದ ಮನೆಯ ಎಮ್ಮೆ ಮೇವು ಬಿಟ್ಟು ತಿರುಗಿ ನೋಡಿತು.